ಜಲದ್ವಾರಕ್ಕೆ ಯಾವ ದಾರಿಯಿಂದ ಹೋಗುವುದು?

ಕೊಳ್ಳೇಗಾಲದಿಂದ ಶ್ರೀರಂಗಪಟ್ಟಣಕ್ಕೆ ಒಂದು ದಿನದ ಪ್ರವಾಸ ಹೊರಡಿಸುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ಹೊರಟಿರುವವರು ಹದಿನಾಲ್ಕು ಜನ. ಹೆಚ್ಚಿನವರು ಕೊಳ್ಳೇಗಾಲದವರು, ಮೂವರು ಹನೂರು ಕಡೆಯವರು, ಇಬ್ಬರು ಯಳಂದೂರಿನವರು. ಎಲ್ಲರೂ ಪದವಿ ಓದುತ್ತಿರುವವರು, ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುವವರು. ವ್ಯಾನು, ಬುತ್ತಿ, ಖರ್ಚು ಇವೆಲ್ಲ ಹತ್ತು ನಿಮಿಷದಲ್ಲಿ ತೀರ್ಮಾನವಾದವು. ಎರಡು ವಾರವಾದರೂ ತೀರ್ಮಾನವಾಗದೆ ಉಳಿದದ್ದು ಒಂದೇ: ಯಳಂದೂರಿಗೆ ಹೋಗುವಾಗ ಹೋಗುವುದೋ, ಬರುವಾಗ ಹೋಗುವುದೋ.

ದಾರಿಯ ಲೆಕ್ಕದಲ್ಲಿ ಇದು ದೊಡ್ಡ ವಿಷಯವಲ್ಲ. ಮಳವಳ್ಳಿ ಮೇಲೆ ಹೋಗಿ ಬನ್ನೂರು ಹಿಡಿಯಬಹುದು. ಇಲ್ಲವೇ ಯಳಂದೂರು, ಸಂತೇಮರಹಳ್ಳಿ, ಮೂಗೂರು, ತಿ. ನರಸೀಪುರ ಸುತ್ತಿ ಬನ್ನೂರಿಗೆ ಬಂದು ಸೇರಬಹುದು. ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸು ಬರುವುದು ಎಂದು ಮೊದಲೇ ಒಪ್ಪಿದ್ದಾಯಿತು. ಆದರೆ ಯಳಂದೂರಿನಲ್ಲಿ ನಾವು ನೋಡಬೇಕೆಂದಿರುವುದು ದಿವಾನ್ ಪೂರ್ಣಯ್ಯನವರ ವಂಶದವರು ಬಾಳಿದ ಜಹಗೀರುದಾರರ ಬಂಗಲೆಯನ್ನು. ಶ್ರೀರಂಗಪಟ್ಟಣದಲ್ಲಿ ನೋಡಬೇಕೆಂದಿರುವುದು ಕಾವೇರಿಯ ದಡದ ಕೋಟೆಯನ್ನು, ಅದರ ಕೊತ್ತಲಗಳನ್ನು, ನೆಲಮಾಳಿಗೆಯ ಸೆರೆಮನೆಯನ್ನು, ಟಿಪ್ಪು ಸುಲ್ತಾನನ ಹೆಣ ಸಿಕ್ಕ ಜಲದ್ವಾರದ ಜಾಗವನ್ನು. ಬೆಳಿಗ್ಗೆ ಬಂಗಲೆ ನೋಡಿ ಮಧ್ಯಾಹ್ನ ಕೋಟೆ ನೋಡುವವನ ಕಣ್ಣಿಗೆ ಪೂರ್ಣಯ್ಯ ಮೊದಲು ಒಬ್ಬ ಮನುಷ್ಯ, ಒಬ್ಬ ಆಡಳಿತಗಾರ. ಬೆಳಿಗ್ಗೆ ಜಲದ್ವಾರದಲ್ಲಿ ನಿಂತು ಸಂಜೆ ಬಂಗಲೆಯ ಮೆಟ್ಟಿಲು ಹತ್ತುವವನಿಗೆ ಅದು ಬೇರೆಯೇ ಮನೆ. ದೊರೆ ಸತ್ತ ಜಾಗದಿಂದ ಮಂತ್ರಿಗೆ ಸಿಕ್ಕ ಉಂಬಳಿಗೆ ನೇರವಾಗಿ ಬಂದ ಹಾಗಾಗುತ್ತದೆ. ಪ್ರವಾಸದ ಪಟ್ಟಿ ಬರೆಯುತ್ತಾ ಕೂತಾಗ, ಒಂದು ತೀರ್ಪಿಗೆ ಸಾಕ್ಷಿಗಳನ್ನು ಯಾವ ಕ್ರಮದಲ್ಲಿ ಕರೆಯಬೇಕೆಂದು ನಾನೇ ನಿರ್ಧರಿಸುತ್ತಿದ್ದೇನೆ ಅನ್ನಿಸಿತು.

ಯಳಂದೂರಿನ ಹುಡುಗಿ ನೇರವಾಗಿಯೇ ಕೇಳಿದಳು. ‘ಅಕ್ಕ, ನಮ್ಮೂರು ಅವರಿಗೆ ಸಿಕ್ಕಿದ್ದು ಬಹುಮಾನ ಅಂತಲೋ, ಬೆಲೆ ಅಂತಲೋ?’

1799ರ ಮೇ 4ರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಇಂಗ್ಲಿಷರ ಸೈನ್ಯ ಕಾವೇರಿಯನ್ನು ದಾಟಿತು. ಆ ಹೊತ್ತನ್ನು ಆರಿಸಿದ್ದರಲ್ಲಿ ನದಿಯ ಪಾತ್ರವೂ ಇತ್ತು. ಬೇಸಗೆಯಲ್ಲಿ ಕಲ್ಲುಬಂಡೆಗಳ ನಡುವೆ ನೀರು ಸಣ್ಣಗೆ ಹರಿಯುತ್ತದೆ. ಜೂನಿನಲ್ಲಿ ಕೊಡಗಿನ ಮಳೆ ಬಿದ್ದರೆ ಅದೇ ನದಿ ಕೋಟೆಗೆ ಕಾವಲಾಗುತ್ತದೆ. ಇನ್ನೊಂದು ತಿಂಗಳು ತಡೆದಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು. ವಾಯವ್ಯ ಮೂಲೆಯಲ್ಲಿ ಫಿರಂಗಿ ಹೊಡೆದು ಗೋಡೆ ಕೆಡವಿದ್ದರು. ಆ ಬಿರುಕಿಗೆ ನುಗ್ಗಿದ ದಂಡಿನ ಮುಂದಾಳು ಡೇವಿಡ್ ಬೇರ್ಡ್, 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು ಇದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಮೇಲೆ ಸಂಕೋಲೆಯಲ್ಲಿ ಇದ್ದವನು. ಸುಲ್ತಾನ ಕಾದಾಡುತ್ತಲೇ ಬಿದ್ದ. ಜೊತೆಗಿದ್ದ ಸೇವಕ ರಾಜಾ ಖಾನ್, ನೀವು ಯಾರೆಂದು ಇಂಗ್ಲಿಷರಿಗೆ ತಿಳಿಸಿ ಪ್ರಾಣ ಉಳಿಸಿಕೊಳ್ಳಿ ಎಂದು ಕೇಳಿಕೊಂಡರೂ ಸುಲ್ತಾನ ಒಪ್ಪಲಿಲ್ಲ. ರಾತ್ರಿ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿ ಸರಿಸಿ ಅವನನ್ನು ಗುರುತಿಸಿದರು. ಮಾರನೆಯ ದಿನ ಗುಂಬಜಿನಲ್ಲಿ ತಂದೆ ತಾಯಿಯರ ಪಕ್ಕ ಮಣ್ಣು ಮಾಡಿದರು.

ಆ ದಿನ ಸತ್ತ ಇನ್ನೊಬ್ಬ ಮೀರ್ ಸಾದಿಕ್, ಸುಲ್ತಾನನ ದಿವಾನ. ದಾಳಿಯ ಹೊತ್ತಿಗೆ ಸರಿಯಾಗಿ ಸಂಬಳ ಹಂಚುವ ನೆಪದಲ್ಲಿ ಸಿಪಾಯಿಗಳನ್ನು ಬಿರುಕಿನ ಕಡೆಯಿಂದ ಈಚೆಗೆ ಕರೆಸಿದ ಎಂಬ ಆರೋಪ ಅವನ ಮೇಲಿದೆ. ಕೋಟೆಯಿಂದ ತಪ್ಪಿಸಿಕೊಳ್ಳಲು ಹೊರಟಾಗ ಮೈಸೂರಿನ ಸಿಪಾಯಿಗಳೇ ಅವನನ್ನು ಕೊಂದರು. ಹೂತ ಹೆಣವನ್ನೂ ಜನ ಬಿಡಲಿಲ್ಲವೆಂಬ ಮಾತು ಅಂದಿನಿಂದಲೂ ನಡೆದುಬಂದಿದೆ. 1929ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದುಹೋದ ಕವಿ ಇಕ್ಬಾಲ್ ಮೂರು ವರ್ಷದ ಮೇಲೆ ಹೊರಬಂದ ‘ಜಾವೇದ್ ನಾಮಾ’ದಲ್ಲಿ ಬಂಗಾಳದ ಮೀರ್ ಜಾಫರನ ಪಕ್ಕದಲ್ಲಿ ಇವನನ್ನು ನಿಲ್ಲಿಸಿದ. ಅಲ್ಲಿಗೆ ಸಾದಿಕ್ ಎಂಬ ಹೆಸರು ಒಬ್ಬ ಮನುಷ್ಯನದಾಗಿ ಉಳಿಯಲಿಲ್ಲ, ಬೈಗುಳವಾಯಿತು.

ಪೂರ್ಣಯ್ಯ ಕೆಲವು ದಿನಗಳ ಮೇಲೆ ಇಂಗ್ಲಿಷರ ಬಳಿಗೆ ಬಂದರು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ ದಿವಾನರಾದರು. 1811ರವರೆಗೆ ಆಳಿದರು, 1807ರಲ್ಲಿ ಯಳಂದೂರು ಅವರಿಗೆ ವಂಶಪಾರಂಪರ್ಯದ ಜಹಗೀರಾಗಿ ಸಂದಿತು. ಅದೇ ವಂಶದ ಪಿ. ಎನ್. ಕೃಷ್ಣಮೂರ್ತಿ ನೂರು ವರ್ಷದ ಮೇಲೆ, 1901ರಿಂದ 1906ರವರೆಗೆ, ಮತ್ತೆ ಮೈಸೂರಿನ ದಿವಾನರಾದರು. ಬೆಂಗಳೂರಿನಲ್ಲಿ ಪೂರ್ಣಯ್ಯನವರ ಹೆಸರಿನ ಛತ್ರವಿದೆ, ಊರೂರಲ್ಲಿ ಅವರ ಜಾಣತನದ ಕಥೆಗಳಿವೆ. ಒಬ್ಬನ ಹೆಸರು ಬೈಗುಳ, ಇನ್ನೊಬ್ಬರ ಹೆಸರಿಗೆ ಬಹುವಚನ. (ಈ ಲೇಖನದಲ್ಲೇ ನೋಡಿ, ಸುಲ್ತಾನ ‘ಬಿದ್ದ’, ಸಾದಿಕ್ ‘ಅವನು’, ಪೂರ್ಣಯ್ಯ ‘ಬಂದರು’. ಭಾಷೆ ನನಗಿಂತ ಮೊದಲೇ ಪಕ್ಷ ಹಿಡಿದಿದೆ.)

ನದಿ ದಡದ ಕೋಟೆಗಳಿಗೂ ‘ದ್ರೋಹಿ’ ಎಂಬ ಮಾತಿಗೂ ಏನೋ ನಂಟಿದೆ. ಲಂಡನ್ನಿನ ಥೇಮ್ಸ್ ದಡದ ಟವರ್‌ನಲ್ಲಿ 13ನೇ ಶತಮಾನದಲ್ಲಿ ಕಟ್ಟಿದ ಒಂದು ನೀರಬಾಗಿಲಿದೆ. ದೊರೆ ದೋಣಿಯಲ್ಲಿ ಬಂದಿಳಿಯಲೆಂದು ಕಟ್ಟಿದ್ದು. ಮುಂದೆ ಕೈದಿಗಳನ್ನು ಅದೇ ಬಾಗಿಲಿನಿಂದ ತರತೊಡಗಿದ ಮೇಲೆ ಅದಕ್ಕೆ ದ್ರೋಹಿಗಳ ಬಾಗಿಲು ಎಂದೇ ಹೆಸರಾಯಿತು. ಆ ಕೋಟೆಯಲ್ಲಿ ಸೆರೆಯಲ್ಲಿದ್ದು 1535ರಲ್ಲಿ ತಲೆಕೊಟ್ಟ ಥಾಮಸ್ ಮೋರ್, ದೊರೆಯನ್ನು ಧರ್ಮದ ಮುಖ್ಯಸ್ಥನೆಂದು ಪ್ರಮಾಣ ಮಾಡಲು ಒಪ್ಪದ ಮಂತ್ರಿ. ಕಾನೂನಿನ ಪ್ರಕಾರ ದ್ರೋಹಿ. ಆದರೆ ಅವನ ಚರ್ಚು ಮುಂದೆ ಅವನನ್ನು ಸಂತನೆಂದು ಸಾರಿತು. ಅಂದರೆ ಬಾಗಿಲಿನ ಹೆಸರು ಅದರೊಳಗೆ ಹೋದವರ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಾಗಿಲಿನ ಕೀಲಿ ಯಾರ ಕೈಯಲ್ಲಿತ್ತು ಎಂಬುದನ್ನಷ್ಟೇ ಹೇಳುತ್ತದೆ.

ನಮ್ಮ ಭಾಷೆಯಲ್ಲಿ ನಿಷ್ಠೆಯ ಬಗ್ಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಸ್ಪಷ್ಟವಾದ ಮಾತೊಂದಿದೆ: ಜೋಳವಾಳಿ. ಒಡೆಯನ ಜೋಳ ಉಂಡವನು ಸಮಯ ಬಂದಾಗ ಪ್ರಾಣ ಕೊಟ್ಟು ಆ ಋಣ ತೀರಿಸಬೇಕು. ಹಳಗನ್ನಡ ಕಾವ್ಯಗಳಲ್ಲೂ ಶಾಸನಗಳಲ್ಲೂ ಈ ಮಾತು ಬರುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಕುವರ ಲಕ್ಷ್ಮನ ಗರುಡಸ್ತಂಭವಿದೆ. ಇಮ್ಮಡಿ ವೀರಬಲ್ಲಾಳ ಸತ್ತಾಗ ಅವನೂ ಅವನ ಹೆಂಡತಿಯೂ ಸಂಗಡಿಗರೂ ತಾವಾಗಿ ಪ್ರಾಣ ಬಿಟ್ಟರು. ಕಂಬದ ಮೇಲಿನ ವೀರರ ಕೈಯಲ್ಲಿ ಕತ್ತಿ ಇದೆ, ಎದುರಿಗೆ ಶತ್ರುವಿಲ್ಲ. ಆ ಲೆಕ್ಕದಲ್ಲಿ ಅಳೆದರೆ ಪೂರ್ಣಯ್ಯನವರು ಮೇ 5ರ ಬೆಳಿಗ್ಗೆ ಬದುಕಿದ್ದೇ ಒಂದು ಲೋಪ. ಆದರೆ ಆ ಅಳತೆಗೋಲನ್ನು ಹಿಡಿಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ, ಇರಬಾರದು ಕೂಡ. ದೊರೆ ಸತ್ತನೆಂದು ಲೆಕ್ಕಪತ್ರ ಬರೆಯುವವನೂ ಕತ್ತು ಕೊಯ್ದುಕೊಂಡರೆ ಮಾರನೆಯ ದಿನ ಕೆರೆಯ ತೂಬು ಎತ್ತುವವರು ಯಾರು?

ಜೋಳವಾಳಿಯ ಬಗ್ಗೆ ಯೋಚಿಸುತ್ತಾ ನಾನು ಸಿಕ್ಕಿಬೀಳುವುದು ‘ಜೋಳ’ ಎಂಬ ಮೊದಲರ್ಧದಲ್ಲಿ. ದೊರೆ ಬಡಿಸಿದ ಜೋಳ ದೊರೆ ಬೆಳೆದದ್ದಲ್ಲ. ಯಾರೋ ಉತ್ತು, ಬಿತ್ತು, ಒಕ್ಕಣೆ ಮಾಡಿ, ಕಂದಾಯವೆಂದು ಅಳೆದುಕೊಟ್ಟದ್ದು. ಯುದ್ಧಭೂಮಿಯ ವೀರನಿಗೆ ಇದು ನೆನಪಾಗದಿರಬಹುದು. ಹೈದರನ ಕಾಲದಿಂದ ಕಂದಾಯದ ಲೆಕ್ಕವನ್ನೇ ನೋಡಿಕೊಂಡ ಮನುಷ್ಯನಿಗೆ ತನ್ನ ತಟ್ಟೆಯ ಅನ್ನ ಯಾವ ಸೀಮೆಯಿಂದ ಬಂತೆಂಬುದು ಗೊತ್ತೇ ಇರುತ್ತದೆ. ಹಾಗಾದರೆ ಋಣ ಯಾರಿಗೆ? ಅಳೆದುಕೊಟ್ಟವನಿಗೋ, ಬಡಿಸಿದವನಿಗೋ? ಅಳೆದುಕೊಟ್ಟವನಿಗೆ ಎನ್ನುವುದಾದರೆ, ದೊರೆ ಸತ್ತ ಮೇಲೂ ಋಣ ಸಾಯುವುದಿಲ್ಲ. ಸಿಂಹಾಸನದ ಮೇಲೆ ಯಾರೇ ಕೂರಲಿ, ಕೆಲಸಕ್ಕೆ ಹೋಗಲೇಬೇಕು.

ಈ ವಾದ ನನಗೆ ಹಿಡಿಸಿತು. ಹಿಡಿಸಿದ್ದರಿಂದಲೇ ಅನುಮಾನವೂ ಬಂತು. ಗೆದ್ದವನ ಕಚೇರಿಯಲ್ಲಿ ಕುರ್ಚಿ ಹಿಡಿದ ಪ್ರತಿಯೊಬ್ಬನೂ, ಯಾವ ದೇಶದಲ್ಲಿ ಯಾವ ಕಾಲದಲ್ಲಿಯೇ ಆಗಲಿ, ಹೇಳುವುದು ಇದನ್ನೇ. ‘ಯಾರಾದರೂ ಆಡಳಿತ ನಡೆಸಬೇಕಲ್ಲ, ನಾನಿಲ್ಲದಿದ್ದರೆ ಇನ್ನೂ ಕೆಟ್ಟವರು ಬರುತ್ತಿದ್ದರು.’ ಹೇಳುವವರಲ್ಲಿ ಕೆಲವರದು ನಿಜವೂ ಇರುತ್ತದೆ, ಅದೇ ತೊಂದರೆ. ಮೈಸೂರಿನ ಮಟ್ಟಿಗೆ ಈ ವಾದ ಒಂದು ಅಂಕಿಯನ್ನು ಎದುರಿಸಬೇಕು: 1799ರ ಒಪ್ಪಂದದ ಪ್ರಕಾರ ಮೈಸೂರು ವರ್ಷವರ್ಷವೂ ಕಂಪನಿಗೆ ಕೊಡಬೇಕಾಗಿದ್ದ 7 ಲಕ್ಷ ಸ್ಟಾರ್ ಪಗೋಡಗಳು. ಅದು ಬಂದದ್ದೂ ಅದೇ ಹೊಲಗಳಿಂದ. ರೈತನ ಋಣ ತೀರಿಸಲು ಉಳಿದೆ ಎನ್ನುವ ದಿವಾನ, ರೈತನಿಂದ ಎತ್ತಿ ಯಾರಿಗೆ ಕೊಟ್ಟ ಎಂದು ಕೇಳುವುದು ಅನ್ಯಾಯವಲ್ಲ.

ಯಳಂದೂರಿನ ಹುಡುಗಿಯ ಪ್ರಶ್ನೆಯ ಮುಳ್ಳು ಇರುವುದೂ ಇಲ್ಲೇ. ಬಹುಮಾನವೋ ಬೆಲೆಯೋ ಎಂದು ನಾವು ಕೊಟ್ಟವರ, ಪಡೆದವರ ಮನಸ್ಸನ್ನು ಕೆದಕುತ್ತೇವೆ. ಕೊಟ್ಟ ವಸ್ತು ಏನೆಂದು ನೋಡುವುದಿಲ್ಲ. ಕೊಟ್ಟದ್ದು ಒಂದು ಊರು, ಸುವರ್ಣಾವತಿಯ ನೀರಿನ ಗದ್ದೆಗಳು, ಅಲ್ಲಿ ದುಡಿಯುವವರ ಮುಂದಿನ ತಲೆಮಾರುಗಳ ಕಂದಾಯ. ಸ್ವಾತಂತ್ರ್ಯ ಬರುವವರೆಗೂ ಅದು ಜಹಗೀರೇ. ಬಹುಮಾನವೆಂದರೂ ಬೆಲೆಯೆಂದರೂ, ತೆತ್ತವರು ಯಳಂದೂರಿನವರು. ಅವರನ್ನು ಯಾರೂ ಕೇಳಲಿಲ್ಲ.

ಆದರೂ ಸಂಭಾವನೆ ನೋಡಿ ಕೃತ್ಯದ ಬೆಲೆ ಕಟ್ಟುವುದನ್ನು ನಾನು ಒಪ್ಪಲಾರೆ. ಜಹಗೀರು ಸಿಕ್ಕಿದ್ದು ಕೋಟೆ ಬಿದ್ದ ಎಂಟು ವರ್ಷದ ಮೇಲೆ. ಹಿಂದೆ ಬಂದದ್ದನ್ನೆಲ್ಲ ಮುಂದಿನದಕ್ಕೆ ಕಾರಣವೆಂದು ಓದಿದರೆ ಯಾರ ಬದುಕೂ ಒಳಸಂಚಿನ ಹಾಗೇ ಕಾಣುತ್ತದೆ. ಮನಸ್ಸಿನೊಳಗೆ ಇಳಿಯಲಾಗದಿದ್ದರೆ, ಕೈಯಲ್ಲಿ ಆಯ್ಕೆ ಇದ್ದ ಗಳಿಗೆಗಳಲ್ಲಿ ಒಬ್ಬ ಏನು ಮಾಡಿದ ಎಂದು ನೋಡಬಹುದು. ಪೂರ್ಣಯ್ಯನವರ ಬದುಕಿನಲ್ಲಿ ಅಂಥ ಎರಡು ಗಳಿಗೆಗಳಿವೆ. ಎರಡನ್ನೂ ಒಟ್ಟಿಗಿಟ್ಟು ನೋಡದೆ ನಾವು ಯಾಕೆ ಒಂದನ್ನಷ್ಟೇ ನೋಡುತ್ತೇವೋ ತಿಳಿಯದು.

ಮೊದಲನೆಯದು 1782ರ ಡಿಸೆಂಬರ್. ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ್ ಸತ್ತ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ಸೈನ್ಯ ಒಡೆಯುತ್ತದೆ, ಇನ್ಯಾರೋ ಗದ್ದುಗೆಗೆ ಹೊಂಚುತ್ತಾರೆ. ಪೂರ್ಣಯ್ಯನವರೂ ಜೊತೆಯ ಅಧಿಕಾರಿಗಳೂ ಸಾವನ್ನೇ ಮುಚ್ಚಿಟ್ಟರು. ಹೆಣವನ್ನು ಖಜಾನೆಯ ಪೆಟ್ಟಿಗೆಯೆಂಬಂತೆ ಸಾಗಿಸಿದರು, ದೊರೆಗೆ ಮೈ ಸರಿಯಿಲ್ಲವೆಂದು ನಂಬಿಸಿ ದಿನದ ವ್ಯವಹಾರ ನಡೆಸಿದರು. ಟಿಪ್ಪು ಬಂದು ಅಧಿಕಾರ ಹಿಡಿದ. ಇದನ್ನು ಎಲ್ಲರೂ ಸ್ವಾಮಿನಿಷ್ಠೆ ಎನ್ನುತ್ತಾರೆ. ಎರಡನೆಯದು 1799. ಈ ಸಲ ಸಾವನ್ನು ಮುಚ್ಚಿಡುವಂತಿರಲಿಲ್ಲ. ಇಂಗ್ಲಿಷರ ಮುಂದೆ ಪೂರ್ಣಯ್ಯನವರು ಮೊದಲು ಇಟ್ಟ ಸಲಹೆ ಟಿಪ್ಪುವಿನ ಹಿರಿಯ ಮಗ ಫತೇಹೈದರನಿಗೇ ಪಟ್ಟ ಕಟ್ಟಿ ಎಂಬುದು. ಅವರು ಒಪ್ಪಲಿಲ್ಲ, ಒಡೆಯರ ವಂಶವನ್ನು ಆರಿಸಿದರು. ಪೂರ್ಣಯ್ಯನವರು ಹೊಸ ವ್ಯವಸ್ಥೆಯ ದಿವಾನರಾದರು.

ಎರಡು ಸಲವೂ ಅದೇ ಮನುಷ್ಯ ಅದೇ ಕೆಲಸ ಮಾಡಿದಂತೆ ನನಗೆ ಕಾಣುತ್ತದೆ. ದೊರೆ ಸತ್ತಾಗ ರಾಜ್ಯ ಚೂರಾಗದಂತೆ ಇನ್ನೊಂದು ಕೈಗೆ ದಾಟಿಸುವುದು. ಮೊದಲ ಸಲ ಅದು ಮಗನ ಕೈ. ಎರಡನೆಯ ಸಲ ಗೆದ್ದವರು ತೋರಿಸಿದ ಕೈ. ಕೃತ್ಯ ಒಂದೇ, ಹೆಸರು ಎರಡು. ಹಾಗೆಂದು ಎರಡೂ ಸಮವೆಂದಲ್ಲ. ಆದರೆ 1782ರದನ್ನು ನಿಷ್ಠೆಯೆಂದು ಹೊಗಳಿ 1799ರದನ್ನು ದ್ರೋಹವೆಂದು ತೆಗಳುವವರು, ಹಾಗೇ 1799ರದನ್ನು ಮುತ್ಸದ್ದಿತನವೆಂದು ಕೊಂಡಾಡುವವರು, ಆ ಮನುಷ್ಯ ಮೊದಲಿನಿಂದಲೂ ವ್ಯಕ್ತಿಗಿಂತ ವ್ಯವಸ್ಥೆಗೆ ನಿಷ್ಠನಾಗಿದ್ದ ಎಂಬ ಸಾಧ್ಯತೆಯನ್ನು ಬಿಟ್ಟುಬಿಡುತ್ತಾರೆ. ಅದು ಪ್ರೀತಿ ಹುಟ್ಟಿಸುವ ಗುಣವಲ್ಲ. ಅಂಥವರ ಮೇಲೆ ಲಾವಣಿ ಕಟ್ಟುವುದು ಕಷ್ಟ.

ನಮ್ಮ ಹನೂರಿನ ಹುಡುಗ ಇದಕ್ಕೆ ಇನ್ನೊಂದು ತಿರುವು ಕೊಟ್ಟ. ಅವನ ಮನೆಯಲ್ಲಿ ಕಂಸಾಳೆ ಹಿಡಿದವರಿದ್ದಾರೆ. ‘ಅಕ್ಕ, ಮಾದಪ್ಪ ಶ್ರವಣನಿಗೆ ಏನ್ ಮಾಡ್ದ? ಅರಗಿನ ಮೆಟ್ಟು ಮಾಡಿಸಿ ತೊಡಿಸಿ ಸುಟ್ಟ. ಅದನ್ನ ರಾತ್ರಿಯೆಲ್ಲ ಹಾಡ್ತೀವಿ. ಯಾರೂ ದ್ರೋಹ ಅನ್ನದಿಲ್ಲ.’ ಮಾತು ನಿಜ. ದೇವಾನುದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣನನ್ನು ಮಲೆಯ ಮಾದೇಶ್ವರ ಎದುರಾಎದುರು ಕಾದಿ ಕೊಲ್ಲುವುದಿಲ್ಲ, ಉಪಾಯದಿಂದ ಕೊಲ್ಲುತ್ತಾನೆ. ಒಡೆಯ ಪೀಡಕನಾದರೆ ಅವನಿಗೆ ನಂಬಿಕೆಯ ಸಾಲ ಯಾವುದೂ ಇಲ್ಲ ಎನ್ನುವುದು ನಮ್ಮ ಬೆಟ್ಟದ ಕಾವ್ಯದ ತೀರ್ಪು.

ಆದರೆ ಅದನ್ನು ಶ್ರೀರಂಗಪಟ್ಟಣಕ್ಕೆ ಒಯ್ದರೆ ಪ್ರಶ್ನೆ ಒಡನೆಯೇ ಟಿಪ್ಪು ಎಂಥವನು ಎಂಬಲ್ಲಿಗೆ ಜಾರುತ್ತದೆ. ಆ ಜಗಳ ವರ್ಷಕ್ಕೊಂದು ಸಲ ಬೀದಿಗೇ ಬರುತ್ತದೆ. ಒಂದು ಗುಂಪಿಗೆ ಅವನು ಹುತಾತ್ಮ, ಇನ್ನೊಂದಕ್ಕೆ ಶ್ರವಣ. ಮೊದಲ ಗುಂಪಿಗೆ ಪೂರ್ಣಯ್ಯ ಮುಜುಗರ, ಎರಡನೆಯದಕ್ಕೂ ಮುಜುಗರವೇ, ಯಾಕೆಂದರೆ ಹದಿನಾರು ವರ್ಷ ಆ ಸುಲ್ತಾನನ ಬಳಿ ದುಡಿದು ಅವನ ಖಜಾನೆ ತುಂಬಿಸಿದ ಬ್ರಾಹ್ಮಣ ಮಂತ್ರಿ ಅವರು. ಎರಡೂ ಕಡೆಯ ಕಥೆಗೆ ಹೊಂದದೆ ಉಳಿಯುವ ಮನುಷ್ಯನನ್ನು ನಾನು ಹೆಚ್ಚು ನಂಬುತ್ತೇನೆ, ಇಷ್ಟಪಡದಿದ್ದರೂ.

ಯಳಂದೂರಿನವರೇ ಆದ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನೂ ನೆನಪಾಗುತ್ತಾಳೆ. ಅವಳ ‘ಹದಿಬದೆಯ ಧರ್ಮ’ ನಿಷ್ಠೆಯ ಪಾಠವೇ, ಹೆಂಡತಿಯ ನಿಷ್ಠೆಯದು. ಆದರೆ ಆ ಪಾಠ ಹೇಳುವ ನಡುವೆಯೇ ಹೆಣ್ಣನ್ನು ಹೀಗಳೆಯುವವರನ್ನು ತಡೆದು ನಿಲ್ಲಿಸಿ ಕೇಳುತ್ತಾಳೆ. ಊಳಿಗದಲ್ಲಿದ್ದುಕೊಂಡೇ ಕೇಳುವ ದಾರಿ ಒಂದಿದೆ ಎಂದು ತೋರಿಸಿದವಳು ಅವಳು. ಪೂರ್ಣಯ್ಯನವರು ಹಾಗೆ ಎಷ್ಟು ಕೇಳಿದರು ಎಂಬುದರ ಮೇಲೆ ಅವರ ತೂಕ ನಿಲ್ಲಬೇಕೇನೋ.

ಈ ಮಾತುಕತೆಯಲ್ಲಿ ಕೊಳ್ಳೇಗಾಲದವರು ಸುಮ್ಮನೆ ಕೂತಿದ್ದರು. ನಮಗೂ ಆ ಮೇ 4ಕ್ಕೂ ಏನು ಸಂಬಂಧ ಎಂಬ ಭಾವ. ಸಂಬಂಧ ಇದೆ. ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ಯಳಂದೂರು ಮೈಸೂರಿನ ಕಡೆ ಉಳಿಯಿತು, ಕೊಯಮತ್ತೂರು ಸೀಮೆಯ ಜೊತೆ ಕೊಳ್ಳೇಗಾಲ ಕಂಪನಿಗೆ ಹೋಯಿತು. ಇಂದಿನ ಹನೂರು ತಾಲ್ಲೂಕು ಆಗ ಕೊಳ್ಳೇಗಾಲದೊಳಗೇ ಇತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ನಮ್ಮ ಜಿಲ್ಲಾ ಕೇಂದ್ರ ಕೊಯಮತ್ತೂರು, ರಾಜಧಾನಿ ಮದರಾಸು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಇಂಗ್ಲಿಷು. ನೆರೆಯೂರು ಯಳಂದೂರಿಗೆ ಹೋದರೆ ಬೇರೆ ಸರ್ಕಾರ. ನೂರೈವತ್ತು ವರ್ಷ ಹೀಗೆ ಬಾಳಿದ ನಮ್ಮ ಹಿರಿಯರು ಯಾರಿಗೆ ನಿಷ್ಠರಾಗಿದ್ದರು? ಹೈದರನಿಗೆ ಕಂದಾಯ ಕೊಟ್ಟರು, ಟಿಪ್ಪುವಿಗೆ ಕೊಟ್ಟರು, ಕಂಪನಿಗೆ ಕೊಟ್ಟರು, ಮದರಾಸಿಗೆ ಕೊಟ್ಟರು. ಅವರನ್ನು ದ್ರೋಹಿಗಳೆಂದು ಯಾರೂ ಕರೆಯಲಿಲ್ಲ, ನಿಷ್ಠರೆಂದೂ ಕರೆಯಲಿಲ್ಲ. ಅವರ ಪಾಲಿಗೆ ಆ ಎರಡು ಪದಗಳೇ ಇರಲಿಲ್ಲ. ಪದವಿ ಇದ್ದವರಿಗೆ ಮಾತ್ರ ದ್ರೋಹ ಸಾಧ್ಯ. ಹಾಗಾಗಿ ಪೂರ್ಣಯ್ಯನವರ ಕಥೆ ಹೇಳಿ ‘ನೀನಾಗಿದ್ದರೆ ಏನು ಮಾಡುತ್ತಿದ್ದೆ’ ಎಂದು ಹುಡುಗರನ್ನು ಕೇಳುವುದರಲ್ಲಿ ಒಂದು ಸುಳ್ಳಿದೆ. ಅವರ ಮುತ್ತಜ್ಜಂದಿರು ಆ ದಿನ ಕೋಟೆಯ ಒಳಗಿದ್ದಿದ್ದರೆ ದಿವಾನರಾಗಿರುತ್ತಿರಲಿಲ್ಲ. ಬಿರುಕಿನ ಬಳಿ ಮಣ್ಣು ಹೊರುತ್ತಿದ್ದರು. ಸಂಬಳಕ್ಕೆ ಕರೆದರೆಂದು ಈಚೆಗೆ ಬಂದ ಸಿಪಾಯಿಯೂ ಅವರೇ ಇರಬಹುದು. ತಿಂಗಳುಗಟ್ಟಲೆ ಬಾಕಿ ಇದ್ದ ಸಂಬಳ ಇಸಿದುಕೊಳ್ಳಲು ಹೋಗುವುದು ದ್ರೋಹವೇ?

ಕೋಟೆಯ ಬಿರುಕಿನ ಬಳಿ 1907ರಲ್ಲಿ ನಿಲ್ಲಿಸಿದ ಒಂದು ಸ್ಮಾರಕ ಕಂಬವಿದೆ. ನಿಲ್ಲಿಸಿದ್ದು ಮೈಸೂರು ಸರ್ಕಾರ, ನೆನಪಿಸುವುದು ಮುತ್ತಿಗೆ ಹಾಕಿ ಸತ್ತ ಇಂಗ್ಲಿಷ್ ಕಡೆಯವರನ್ನು. ನೆಲಮಾಳಿಗೆಯ ಸೆರೆಮನೆಗೂ ಇಂಗ್ಲಿಷ್ ಕರ್ನಲ್ ಬೇಲಿಯ ಹೆಸರೇ. ಅವರ ಸಂಕಟ ಸುಳ್ಳಲ್ಲ. ಗೋಡೆಯಿಂದ ಚಾಚಿದ, ಸರಪಳಿಗೆಂದು ತೂತು ಕೊರೆದ ಕಲ್ಲುಗಳನ್ನು ನೋಡಿದರೆ ಯಾರ ಮೈಯಾದರೂ ಜುಮ್ಮೆನ್ನುತ್ತದೆ. ಗೋಡೆಯ ಮೇಲೆ ಸತ್ತ ಮೈಸೂರಿನ ಸಾವಿರಾರು ಸಿಪಾಯಿಗಳ ಹೆಸರಿನ ಕಂಬ ಎಲ್ಲಿ ಎಂದು ಹುಡುಗರು ತಾವಾಗಿಯೇ ಕೇಳಬಹುದು. ನಾನು ಮೊದಲೇ ಹೇಳಿಕೊಡುವುದಿಲ್ಲ.

ಕೊನೆಗೆ ಪಟ್ಟಿ ಹೀಗಾಗಿದೆ. ಬೆಳಿಗ್ಗೆ ಆರೂವರೆಗೆ ಕೊಳ್ಳೇಗಾಲ ಬಸ್ ನಿಲ್ದಾಣ. ಮಳವಳ್ಳಿ ಮೇಲೆ ಬನ್ನೂರು, ಅರಕೆರೆ. ಮೊದಲು ಹೋಗುವುದು ಕೋಟೆಗಲ್ಲ, ವೆಲ್ಲೆಸ್ಲಿ ಸೇತುವೆಗೆ. ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಟ್ಟಿಸಿದ್ದು, ಕಲ್ಲಿನ ಕಂಬಗಳ ಮೇಲೆ ನಿಂತಿರುವುದು. ಹೆಸರು ಮಾತ್ರ ಗವರ್ನರ್ ಜನರಲನದು. ಅದನ್ನು ನೋಡಿ ಆಮೇಲೆ ಬಿರುಕು, ಸೆರೆಮನೆ, ಜಲದ್ವಾರ, ಗುಂಬಜ್. ನಾಲ್ಕು ಗಂಟೆಗೆ ಹೊರಟು ನರಸೀಪುರ, ಸಂತೇಮರಹಳ್ಳಿ ಮೇಲೆ ಯಳಂದೂರು. ಅಷ್ಟು ಹೊತ್ತಿಗೆ ಬಂಗಲೆಯ ಬಾಗಿಲು ಹಾಕಿದ್ದರೂ ಪರವಾಗಿಲ್ಲ, ಹೊರಗೆ ನಿಂತು ನೋಡಬಹುದು ಎಂದೆ. ಯಳಂದೂರಿನ ಹುಡುಗಿ ಒಪ್ಪಲಿಲ್ಲ. ಬಾಗಿಲು ತೆಗೆದಿರುವ ಹೊತ್ತಿಗೇ ಹೋಗಬೇಕು, ಬೇಕಾದರೆ ಗುಂಬಜ್ ಬಿಡಿ ಎಂದಳು. ಹನೂರಿನವನು ಗುಂಬಜ್ ಬಿಡಲು ಸಿದ್ಧನಿಲ್ಲ. ಭಾನುವಾರ ಮತ್ತೆ ಸೇರುತ್ತಿದ್ದೇವೆ.